ವ್ಯಾಖ್ಯೆಯ ತೂಕ: ಇ. ಸಂಪತ್ಕುಮಾರ್ ಅವರ ಗ್ರಾಫ್ ಸಂಶೋಧನೆ ಮತ್ತು ಉಲ್ಲೇಖಗಳ ಲೆಕ್ಕ

ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಸೊರಬ, ಮುಂದೆ ಚಂದ್ರಗುತ್ತಿ, ಕೊನೆಗೆ ಸಿದ್ಧಾಪುರ. ಅಡ್ಡದಾರಿಗಳನ್ನೆಲ್ಲ ಬಿಟ್ಟು ಈ ಊರುಗಳನ್ನು ಐದು ಶೃಂಗಗಳೆಂದೂ ನಡುವಿನ ರಸ್ತೆಗಳನ್ನು ನಾಲ್ಕು ಅಂಚುಗಳೆಂದೂ ಬರೆದುಕೊಂಡರೆ ಒಂದು ಗ್ರಾಫ್ ಆಯಿತು. ಪ್ರತಿ ಊರಿನಲ್ಲಿ ಇಲ್ಲವೇ ಅದರ ಪಕ್ಕದ ಊರಿನಲ್ಲಿ ಒಂದು ಠಾಣೆ ಇರಲೇಬೇಕೆಂದರೆ ಎರಡು ಠಾಣೆ ಸಾಕು: ಶಿರಾಳಕೊಪ್ಪ, ಚಂದ್ರಗುತ್ತಿ. ಇದು ಪ್ರಾಬಲ್ಯ ಗಣ. ಠಾಣೆಗಳು ಬೇರೆ ಊರನ್ನು ಹಾಯದೆ ಪರಸ್ಪರ ಸಂಪರ್ಕದಲ್ಲಿರಬೇಕು ಎಂದ ಕೂಡಲೇ ಸೊರಬವನ್ನೂ ಸೇರಿಸಬೇಕು. ಸೊರಬದ ಠಾಣೆಯಿಂದ ಹೊಸದಾಗಿ ಯಾವ ಊರಿಗೂ ಕಾವಲು ಸಿಗುವುದಿಲ್ಲ. ಉಳಿದೆರಡರ ನಡುವೆ ಸುದ್ದಿ ದಾಟಿಸುವುದಷ್ಟೇ ಅದರ ಕೆಲಸ.

ಈ ಹೆಚ್ಚಿನ ಷರತ್ತನ್ನು ‘ಸಂಬದ್ಧ ಪ್ರಾಬಲ್ಯ’ ಎಂಬ ಪರಿಕಲ್ಪನೆಯಾಗಿ 1979ರಲ್ಲಿ ಮಂಡಿಸಿದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇ. ಸಂಪತ್ಕುಮಾರ್ ಮತ್ತು ಎಚ್. ಬಿ. ವಾಲೀಕಾರ. ಪ್ರಾಬಲ್ಯದ ಕಲ್ಪನೆ ಅವರದಲ್ಲ. ಅದು 1958ರಲ್ಲಿ ಬೆರ್ಜ್ ಅವರ ಪುಸ್ತಕದಲ್ಲಿ ಕಾಣಿಸಿ, 1962ರಲ್ಲಿ ಓರೆ ಅವರಿಂದ ಹೆಸರು ಪಡೆದಿತ್ತು. 1977ರಲ್ಲಿ ಕಾಕೇನ್ ಮತ್ತು ಹೆಡೆಟ್ನಿಯೆಮಿ ಬರೆದ ಸಮೀಕ್ಷೆ ಅದಕ್ಕೆ ಚಾಲನೆ ಕೊಟ್ಟಿತ್ತು. ಧಾರವಾಡದ ಪ್ರಬಂಧ ಅಚ್ಚಾದದ್ದು ಮದ್ರಾಸ್ ಐಐಟಿಯ ಪತ್ರಿಕೆಯಲ್ಲಿ, ಏಳೇ ಪುಟ.

1984ರಲ್ಲಿ ಹೆಡೆಟ್ನಿಯೆಮಿ ಮತ್ತು ಲಸ್ಕರ್ ಅದನ್ನೊಂದು ಸಮೀಕರಣಕ್ಕೆ ಜೋಡಿಸಿದರು: ಸಂಬದ್ಧ ಪ್ರಾಬಲ್ಯ ಸಂಖ್ಯೆಗೆ, ಅಂದರೆ ಹೀಗೆ ಬೇಕಾಗುವ ಕನಿಷ್ಠ ಠಾಣೆಗಳ ಸಂಖ್ಯೆಗೆ, ಎಲ್ಲ ಶೃಂಗಗಳನ್ನೂ ಮುಟ್ಟುವ ವೃಕ್ಷವೊಂದಕ್ಕೆ ಇರಬಹುದಾದ ಗರಿಷ್ಠ ಎಲೆಗಳ ಸಂಖ್ಯೆಯನ್ನು ಕೂಡಿಸಿದರೆ ಒಟ್ಟು ಶೃಂಗಗಳ ಸಂಖ್ಯೆ ಬರುತ್ತದೆ. ನಮ್ಮ ದಾರಿಯಲ್ಲಿ ಠಾಣೆ ಮೂರು, ತುದಿಯ ಊರು ಎರಡು, ಒಟ್ಟು ಐದು. ತೊಂಬತ್ತರ ದಶಕದಲ್ಲಿ ನಿಸ್ತಂತು ಜಾಲಗಳ ಎಂಜಿನಿಯರುಗಳಿಗೆ ಇದೇ ಷರತ್ತು ಬೇಕಾಯಿತು. ಸ್ಥಿರ ಗೋಪುರಗಳಿಲ್ಲದ ಜಾಲದಲ್ಲಿ ಸಂದೇಶ ದಾಟಿಸುವ ಬೆನ್ನೆಲುಬು ಆದಷ್ಟು ಚಿಕ್ಕದಿರಬೇಕು, ಎಲ್ಲಿಯೂ ತುಂಡಾಗಿರಬಾರದು. ಅತಿ ಚಿಕ್ಕದನ್ನು ಹುಡುಕುವುದು ಕಂಪ್ಯೂಟರಿಗೂ ಕಠಿಣ. ಅದಕ್ಕೆ ಸಮೀಪದ ಉತ್ತರ ಕೊಡುವ ಗುಹಾ ಮತ್ತು ಖುಲ್ಲರ್ ಅವರ ವಿಧಾನಗಳು 1998ರಲ್ಲಿ ಪ್ರಕಟವಾದವು.

ಸಂಪತ್ಕುಮಾರ್ ಅವರ ಮುಂದಿನ ಕೆಲಸದಲ್ಲೂ ಇದೇ ಜಾಡು. 1985ರಲ್ಲಿ ನೀರಲಗಿ ಅವರೊಡನೆ ನೆರೆಹೊರೆ ಸಂಖ್ಯೆ, 1989ರಲ್ಲಿ ಜಾಗತಿಕ ಪ್ರಾಬಲ್ಯ, 1996ರಲ್ಲಿ ಪುಷ್ಪಲತಾ ಅವರೊಡನೆ ಪ್ರಬಲ ಮತ್ತು ದುರ್ಬಲ ಪ್ರಾಬಲ್ಯ. ಕಠಿಣ ಪ್ರಮೇಯಗಳಿಗಿಂತ ಹೊಸ ವ್ಯಾಖ್ಯೆಗಳಿಂದಲೇ ಅವರ ಹೆಸರು ಉಳಿದಿದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಒಂದು ಷರತ್ತು ಹೆಚ್ಚಿಸಿ ಹೊಸ ಸಂಖ್ಯೆ ಹುಟ್ಟಿಸುವುದು ಯಾರಿಗೂ ಸಾಧ್ಯ, ಹಾಗೆ ಹುಟ್ಟಿದವು ರಾಶಿ ಬಿದ್ದಿವೆ. ಯಾವ ಷರತ್ತಿಗೆ ಜೀವವಿದೆ ಎಂದು ಗುರುತಿಸುವುದು ಬೇರೆಯ ಮಾತು.

ಉಲ್ಲೇಖಗಳ ಲೆಕ್ಕ ತೊಡಕಾಗುವುದು ಇಲ್ಲಿಯೇ. ವ್ಯಾಖ್ಯೆ ಕೊಟ್ಟ ಪ್ರಬಂಧದ ಹೆಸರು ಸಾಮಾನ್ಯವಾಗಿ ಪೀಠಿಕೆಯಲ್ಲಿ ಬಂದು ಹೋಗುತ್ತದೆ. ಹೆಸರಿಸಿದವರೆಲ್ಲ ಮೂಲವನ್ನು ಓದಿರಬೇಕೆಂದಿಲ್ಲ. ಇನ್ನೊಂದೆಡೆ, ಹೇನ್ಸ್, ಹೆಡೆಟ್ನಿಯೆಮಿ, ಸ್ಲೇಟರ್ ಅವರ 1998ರ ಗ್ರಂಥದಂಥ ಆಕರ ಬಂದ ಮೇಲೆ ಅದನ್ನಷ್ಟೇ ಹೆಸರಿಸಿ ಮುಂದುವರಿಯಬಹುದು. ಎಣಿಕೆ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಸೋರುತ್ತದೆ. 2005ರಲ್ಲಿ ಹಿರ್ಶ್ ಸೂಚಿಸಿದ, ಉಲ್ಲೇಖಗಳ ಎಣಿಕೆಯನ್ನೇ ಆಧರಿಸಿದ ಎಚ್-ಸೂಚ್ಯಂಕ ಇವೆರಡನ್ನೂ ಬೇರ್ಪಡಿಸಿ ತೋರಿಸದು.

ಸಂಪತ್ಕುಮಾರ್ ಮತ್ತು ವಾಲೀಕಾರ ಅವರದೇ ‘ಸ್ಪ್ಲಿಟಿಂಗ್ ಗ್ರಾಫ್’, ವ್ಯಾಖ್ಯೆಗೆ ಜೀವವಿದೆಯೇ ಎಂಬುದಕ್ಕೆ ಒಳ್ಳೆಯ ಪರೀಕ್ಷೆ. ನಾಲ್ಕು ಪುಟದ ಆ ಪ್ರಬಂಧ ಬಂದದ್ದು ಕರ್ನಾಟಕ ವಿಶ್ವವಿದ್ಯಾಲಯದ ಸ್ವಂತ ವಿಜ್ಞಾನ ಪತ್ರಿಕೆಯ 1980-81ರ ಜೋಡಿ ಸಂಪುಟದಲ್ಲಿ. ಪ್ರತಿ ಶೃಂಗಕ್ಕೂ ಒಂದು ಜೊತೆಯನ್ನು ಹುಟ್ಟಿಸಿ, ಆ ಜೊತೆಯನ್ನು ಮೂಲದ ನೆರೆಯವರಿಗಷ್ಟೇ ಜೋಡಿಸುವುದು ಅದರ ರಚನೆ. ನಮ್ಮ ಐದು ಊರುಗಳು ಹತ್ತಾಗುತ್ತವೆ, ನಾಲ್ಕು ರಸ್ತೆಗಳು ಹನ್ನೆರಡಾಗುತ್ತವೆ. ಗ್ರಾಫಿನ ಐಗನ್ ಮೌಲ್ಯಗಳ ಚಿಹ್ನೆ ಬಿಟ್ಟು ಕೂಡಿಸಿದ ಮೊತ್ತವನ್ನು 1978ರಲ್ಲಿ ಗುಟ್ಮನ್ ‘ಶಕ್ತಿ’ ಎಂದು ಕರೆದರು. ಸ್ಪ್ಲಿಟಿಂಗ್ ಗ್ರಾಫಿನ ಶಕ್ತಿ ಮೂಲದ ಶಕ್ತಿಯ √5 ಪಟ್ಟು ಎಂದು 2017ರಲ್ಲಿ ವೈದ್ಯ ಮತ್ತು ಪೋಪಟ್ ತೋರಿಸಿದರು. ಸಾಧನೆಗೆ ಬೇಕಾದದ್ದು ಎರಡು ಸಾಲು, ಎರಡು ಕಂಬಗಳ ಒಂದು ಮಾತೃಕೆ: ಮೂರು ಮನೆಗಳಲ್ಲಿ 1, ನಾಲ್ಕನೆಯದರಲ್ಲಿ 0. ಅದರ ಎರಡು ಐಗನ್ ಮೌಲ್ಯಗಳು ಸುವರ್ಣ ಅನುಪಾತ ಮತ್ತು ಅದರ ವಿಲೋಮದ ಋಣ ರೂಪ. ಚಿಹ್ನೆ ಬಿಟ್ಟು ಕೂಡಿಸಿದರೆ √5. ಶಿಕಾರಿಪುರ–ಸಿದ್ಧಾಪುರ ದಾರಿಯ ಶಕ್ತಿ ಸುಮಾರು 5.46, ಅದರ ಸ್ಪ್ಲಿಟಿಂಗ್ ಗ್ರಾಫಿನದು ಸುಮಾರು 12.22.