ಎಲೆಯ ಅಡಿಯ ಕಪ್ಪು ಚುಕ್ಕೆ: ಗಾಜಿನ ಮನೆಯ ರೈತರು ಔಷಧಿ ಕಡಿಮೆ ಮಾಡಿದ ಕತೆ

ಪಾಲಿಹೌಸ್ ಒಳಗೆ ಕಾಲಿಟ್ಟರೆ ಮೊದಲು ಮುಖಕ್ಕೆ ಹೊಡೆಯುವುದು ಬಿಸಿ. ಆಮೇಲೆ ಔಷಧಿ ವಾಸನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯುವವರ ಬಳಿ ಹೋದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಮಾತು ಒಂದೇ: "ಹೋದ ವರ್ಷ ಕೆಲಸ ಮಾಡಿದ ಔಷಧಿ ಈ ವರ್ಷ ಕೆಲಸ ಮಾಡ್ತಿಲ್ಲ."

ಈ ಮಾತು ಹೊಸದಲ್ಲ. ಯುರೋಪಿನ ಗಾಜಿನ ಮನೆಗಳ ರೈತರು ಅರವತ್ತು ವರ್ಷಗಳ ಹಿಂದೆಯೇ ಇದನ್ನು ಹೇಳಿದ್ದರು. ಅವರು ಅದರಿಂದ ಹೇಗೆ ಹೊರಬಂದರು ಎಂಬುದು ನಮ್ಮ ರೈತರಿಗೂ ಗೊತ್ತಿರಬೇಕಾದ ಇತಿಹಾಸ. ಅದು ಶುರುವಾದದ್ದು ಕಣ್ಣಿಟ್ಟು ಎಲೆ ನೋಡಿದ ಒಬ್ಬ ಟೊಮೆಟೊ ಬೆಳೆಗಾರನಿಂದ.

1926: ಬಿಳಿಯ ನಡುವೆ ಕಪ್ಪು

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ ಎಲ್‌ಸ್ಟ್ರೀ ಎಂಬ ಊರು. ಅಲ್ಲಿನ ಗಾಜಿನ ಮನೆಯ ಟೊಮೆಟೊಗೆ ಬಿಳಿ ನೊಣದ ಕಾಟ. ಬಿಳಿ ನೊಣದ ಮರಿಗಳು ಎಲೆಯ ಅಡಿಗೆ ಅಂಟಿಕೊಂಡು ರಸ ಹೀರುತ್ತವೆ. ಬರಿಗಣ್ಣಿಗೆ ಬಿಳಿ ಹೊಟ್ಟಿನ ಹಾಗೆ ಕಾಣುತ್ತವೆ. 1926ರಲ್ಲಿ ಒಬ್ಬ ಬೆಳೆಗಾರ ಆ ಬಿಳಿ ಮರಿಗಳ ನಡುವೆ ಕೆಲವು ಕಪ್ಪಗಾಗಿರುವುದನ್ನು ಕಂಡ. ರೋಗವೆಂದು ಎಲೆ ಕಿತ್ತು ಬಿಸಾಡಲಿಲ್ಲ. ಕೀಟ ವಿಜ್ಞಾನಿ ಸ್ಪೇಯರ್ ಅವರ ಗಮನಕ್ಕೆ ತಂದ.

ಆ ಕಪ್ಪು ಮರಿಗಳಿಂದ ಬಿಳಿ ನೊಣ ಹೊರಬರಲಿಲ್ಲ. ಒಂದು ಮಿಲಿಮೀಟರ್‌ಗಿಂತಲೂ ಚಿಕ್ಕ ಕಣಜ ಹೊರಬಂತು. ಅದರ ಹೆಸರು ಎನ್‌ಕಾರ್ಸಿಯಾ ಫಾರ್ಮೋಸಾ. ನಮ್ಮ ಮನೆ ಸೂರಿನಲ್ಲಿ ಗೂಡು ಕಟ್ಟಿ ಕುಟುಕುವ ಕಣಜದಂಥದ್ದಲ್ಲ, ಮನುಷ್ಯರಿಗೆ ಏನೂ ಮಾಡದು. ಇದು ಬಿಳಿ ನೊಣದ ಮರಿಯೊಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಹುಳು ಆ ಮರಿಯನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಆಗ ಮರಿ ಕಪ್ಪಗಾಗುತ್ತದೆ. ಮೊಟ್ಟೆ ಇಟ್ಟು ಸುಮಾರು ಮೂರು ವಾರಕ್ಕೆ ಹೊಸ ಕಣಜ ಗುಂಡಗೆ ತೂತು ಕೊರೆದು ಹೊರಬಂದು, ಮತ್ತೆ ಬಿಳಿ ನೊಣದ ಮರಿಗಳನ್ನು ಹುಡುಕಿ ಹೊರಡುತ್ತದೆ.

ಹತ್ತಿರದ ಚೆಶಂಟ್ ಸಂಶೋಧನಾ ಕೇಂದ್ರದವರು ಈ ಕಣಜವನ್ನು ಸಾಕಿ ಬೆಳೆಗಾರರಿಗೆ ಹಂಚತೊಡಗಿದರು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಸುಮಾರು 800 ನರ್ಸರಿಗಳಿಗೆ ವರ್ಷಕ್ಕೆ 15 ಲಕ್ಷ ಕಣಜಗಳು ಹೋಗುತ್ತಿದ್ದವು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೂ ಕಳಿಸಿದರು.

ಔಷಧಿ ಬಂತು, ಕಣಜ ಹೋಯಿತು

1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಡಿಡಿಟಿಗೆ ಕೀಟ ಕೊಲ್ಲುವ ಗುಣ ಇರುವುದನ್ನು ಕಂಡುಹಿಡಿದರು. 1948ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಡಿಟಿ ಮತ್ತು ಅಂಥ ಇತರ ಔಷಧಿಗಳು ರೈತರ ಕೈಗೆ ಸುಲಭವಾಗಿ ಸಿಕ್ಕವು. ಹೊಡೆದ ಮರುದಿನವೇ ಹುಳು ಸಾಯುತ್ತಿದ್ದಾಗ ಮೂರು ವಾರ ಕಾಯುವ ಕಣಜ ಯಾರಿಗೆ ಬೇಕು? ಕಣಜ ಸಾಕುವ ಕೆಲಸ ನಿಂತುಹೋಯಿತು.

ಆ ರೈತರನ್ನು ತಪ್ಪು ಎನ್ನುವುದು ಸುಲಭ. ಆದರೆ ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ಲೆಕ್ಕ ತಪ್ಪಿದ್ದು ಬೇರೆ ಕಡೆ. ಮುಚ್ಚಿದ ಮನೆಯಲ್ಲಿ ಮಳೆ ಬಿದ್ದು ಹುಳು ತೊಳೆದು ಹೋಗುವುದಿಲ್ಲ. ಚಳಿಗೆ ಸಾಯುವುದಿಲ್ಲ. ವರ್ಷವಿಡೀ ಅದೇ ಬೆಳೆ, ಅದೇ ಊಟ. ಔಷಧಿ ಹೊಡೆದಾಗ ನೂರಕ್ಕೆ ತೊಂಬತ್ತು ಸತ್ತರೂ ತಾಳಿಕೊಂಡು ಉಳಿದ ಹತ್ತರ ಸಂತಾನವೇ ಮನೆ ತುಂಬುತ್ತದೆ. ಅದನ್ನು ತಿನ್ನುವ ಮಿತ್ರ ಕೀಟಗಳು ಮಾತ್ರ ಮೊದಲೇ ಸತ್ತಿರುತ್ತವೆ. ಎಲೆಯ ಅಡಿ ಸಣ್ಣ ಬಲೆ ನೇಯ್ದು ರಸ ಹೀರುವ ಮೈಟ್ ನುಸಿ ಹೀಗೆಯೇ ಒಂದರ ಹಿಂದೊಂದು ಔಷಧಿಗೆ ಜಗ್ಗದಂತಾಯಿತು.

ಸೌತೆಕಾಯಿ ಬೆಳೆಗಾರ ಕಂಡ ದಾರಿ

1950ರ ದಶಕದ ಕೊನೆಗೆ ಚಿಲಿ ದೇಶದಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಮೇಲೆ ಒಂದು ಕಿತ್ತಳೆ ಬಣ್ಣದ ನುಸಿ ಸಿಕ್ಕಿತು. ಅದು ಗಿಡ ತಿನ್ನುವುದಿಲ್ಲ, ಗಿಡ ತಿನ್ನುವ ಮೈಟ್ ನುಸಿಯನ್ನು ತಿನ್ನುತ್ತದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಯಾನ್ ಕೊಪ್ಪರ್ಟ್ ಎಂಬ ಸೌತೆಕಾಯಿ ಬೆಳೆಗಾರರಿದ್ದರು. ಔಷಧಿ ಅವರ ದೇಹಕ್ಕೆ ಒಗ್ಗುತ್ತಿರಲಿಲ್ಲ. ಅವರು ಈ ನುಸಿಯನ್ನು ತಮ್ಮ ಗಾಜಿನ ಮನೆಗೆ ಬಿಟ್ಟರು. ಅದು ಕೆಲಸ ಮಾಡಿತು. 1967ರಲ್ಲಿ ಸಾಕಿ ಮಾರುವ ಸಂಸ್ಥೆಯನ್ನೇ ಕಟ್ಟಿದರು. 1970ರ ದಶಕದಲ್ಲಿ ಬಿಳಿ ನೊಣ ಮತ್ತೆ ಜೋರಾದಾಗ, ಎಲ್ಲರೂ ಮರೆತಿದ್ದ ಎಲ್‌ಸ್ಟ್ರೀಯ ಕಣಜವೂ ವಾಪಸ್ ಬಂತು. ಮುಚ್ಚಿದ ಮನೆ ಹುಳುವಿಗೆ ಎಷ್ಟು ಅನುಕೂಲವೋ ಈ ಮಿತ್ರ ಕೀಟಗಳಿಗೂ ಅಷ್ಟೇ ಅನುಕೂಲ. ಬಿಟ್ಟ ಕಣಜ ಹಾರಿ ಪಕ್ಕದ ಹೊಲಕ್ಕೆ ಹೋಗುವುದಿಲ್ಲ.

ದುಂಬಿ ಹಾಕಿದ ಕಡಿವಾಣ

ಆದರೂ ಬಹಳ ಮಂದಿ ಪಂಪು ಕೆಳಗಿಡಲಿಲ್ಲ. ಅವರ ಮನಸ್ಸು ಬದಲಿಸಿದ್ದು ಬಂಬಲ್ ಬೀ ಎಂಬ ದುಂಬಿ.

ಗಾಜಿನ ಮನೆಯೊಳಗೆ ಗಾಳಿ ಇಲ್ಲ, ಜೇನಿಲ್ಲ. ಟೊಮೆಟೊ ಹೂ ಕಾಯಿ ಕಚ್ಚಬೇಕಾದರೆ ಯಾರಾದರೂ ಅಲುಗಿಸಬೇಕು. ವಾರಕ್ಕೆ ಮೂರು ಸಲದಂತೆ ಕೂಲಿಯವರು ಕೈಯಲ್ಲಿ ಕರೆಂಟಿನ ಸಾಧನ ಹಿಡಿದು ಸಾಲು ಸಾಲು ಹೂಗೊಂಚಲು ಅಲುಗಿಸುತ್ತಿದ್ದರು. ದೊಡ್ಡ ಕೂಲಿ ಖರ್ಚು. ಬೆಲ್ಜಿಯಂನ ಪಶುವೈದ್ಯ ರೋಲಾಂಡ್ ಡಿ ಯೋಂಗೆ ಈ ಕೆಲಸವನ್ನು ದುಂಬಿ ಇನ್ನೂ ಚೆನ್ನಾಗಿ ಮಾಡುತ್ತದೆ ಎಂದು ತೋರಿಸಿದರು. 1987ರಲ್ಲಿ ದುಂಬಿ ಸಾಕಿ ಮಾರುವ ಸಂಸ್ಥೆ ಶುರುಮಾಡಿದರು.

ಈಗ ಲೆಕ್ಕ ತಿರುಗಿತು. ಬೇಕಾಬಿಟ್ಟಿ ಔಷಧಿ ಹೊಡೆದರೆ ದುಡ್ಡು ಕೊಟ್ಟು ತಂದ ದುಂಬಿ ಸಾಯುತ್ತದೆ. ದುಂಬಿ ಸತ್ತರೆ ಕಾಯಿ ಇಲ್ಲ. ಹಾಗಾಗಿ ಟೊಮೆಟೊ ಬೆಳೆಗಾರರು ಔಷಧಿ ಕಡಿಮೆ ಮಾಡಿ ಕಣಜದ ಕಡೆ ತಿರುಗಿದರು. ಉಪದೇಶಕ್ಕೆ ಆಗದ ಕೆಲಸ ಖರ್ಚಿನ ಲೆಕ್ಕಕ್ಕೆ ಆಯಿತು.

ನಮ್ಮ ಕಡೆಗೆ ಬಂದರೆ

ಅದೇ ಕಣಜ, ಅದೇ ದುಂಬಿಯನ್ನು ತಂದು ನಮ್ಮ ಪಾಲಿಹೌಸಿಗೆ ಬಿಟ್ಟರೆ ಆಯಿತು ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ಹೆಚ್ಚು ಕಾಡುವ ಬಿಳಿ ನೊಣ ಬೇರೆ ಜಾತಿಯದು, ಅದರ ಮೇಲೆ ಎಲ್‌ಸ್ಟ್ರೀಯ ಕಣಜದ ಹಿಡಿತ ಕಡಿಮೆ. ನಮ್ಮ ಬಿಸಿಲೂ ಅದಕ್ಕೆ ಹೆಚ್ಚು. ಜಪಾನ್, ಚಿಲಿಗೆ ಒಯ್ದ ಯುರೋಪಿನ ದುಂಬಿ ಹೊರಗೆ ಹರಡಿ ಅಲ್ಲಿನ ಸ್ಥಳೀಯ ದುಂಬಿಗಳಿಗೇ ಕಂಟಕವಾಯಿತು.

ಆದರೆ ಸರಿಯಾಗಿ ಮಾಡಿದರೆ ನಮ್ಮ ನೆಲದಲ್ಲೂ ಕಣಜ ಗೆದ್ದ ಉದಾಹರಣೆ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹರಡಿತು. ಪರಂಗಿ, ಹಿಪ್ಪುನೇರಳೆ ಹಾಳಾದವು. ಹಿಪ್ಪುನೇರಳೆ ಸೊಪ್ಪಿಗೆ ಔಷಧಿ ಹೊಡೆದರೆ ರೇಷ್ಮೆ ಹುಳುವೇ ಸಾಯುತ್ತದೆ, ರೈತ ಏನು ಮಾಡಬೇಕು? 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಅದರ ಶತ್ರು ಕಣಜಗಳನ್ನು ತರಿಸಿ, ಬೇರೆ ಜೀವಿಗಳಿಗೆ ತೊಂದರೆ ಇಲ್ಲವೆಂದು ಪರೀಕ್ಷಿಸಿ ಬಿಟ್ಟರು. ಕೆಲವೇ ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು. ಅದೂ ಬಯಲಿನ ಬೆಳೆಯಲ್ಲಿ.

ಪಾಲಿಹೌಸಿಗೆ ಸಬ್ಸಿಡಿ ಇದೆ, ಸಾಲ ಇದೆ. ಅದರೊಳಗೆ ಬಿಡಬೇಕಾದ ಮಿತ್ರ ಕೀಟ ಸಕಾಲಕ್ಕೆ ತಾಲ್ಲೂಕಿನಲ್ಲಿ ಸಿಗುವಂತಾಗಬೇಕು. ರೈತ ಸಂಘದ ಸಭೆಯಲ್ಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಇದನ್ನು ಕೇಳಿ. ಚೆಶಂಟ್‌ನಲ್ಲಿ ಸಾಕಿ ಹಂಚುವವರು ಇದ್ದುದರಿಂದಲೇ ಆ ಕಣಜ 800 ನರ್ಸರಿ ತಲುಪಿತು.

ಅಲ್ಲಿಯವರೆಗೆ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ನಾಳೆ ಪಂಪು ಹೆಗಲಿಗೇರಿಸುವ ಮೊದಲು ಹತ್ತು ಎಲೆ ತಿರುಗಿಸಿ ನೋಡಿ. ಬಣ್ಣ ಬದಲಾದ, ತೂತು ಬಿದ್ದ ಮರಿಗಳು ಕಂಡರೆ ನಿಮ್ಮ ಪಾಲಿಹೌಸಿನಲ್ಲಿ ಕೂಲಿ ಕೇಳದ ಆಳುಗಳು ಆಗಲೇ ಕೆಲಸಕ್ಕೆ ಇಳಿದಿರಬಹುದು. ಅವರ ಮೇಲೆ ಔಷಧಿ ಹೊಡೆಯುವ ಮೊದಲು ಫೋಟೊ ತೆಗೆದು, ಗೊತ್ತಿರುವವರಿಗೆ ತೋರಿಸಿ.