ಹಳೆಯ ಕಾರಿನ ಒಡಲು ಹೊರಳಿಸುವ ಮರದ ಚೌಕಟ್ಟು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿಯ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಎರಡಕ್ಕೂ ಪ್ರತ್ಯೇಕ ಚಾಸಿ ಇಲ್ಲ, ಒಡಲೇ ಭಾರ ಹೊರುತ್ತದೆ. ಆದ್ದರಿಂದ ಅಡಿಭಾಗಕ್ಕೆ ತುಕ್ಕು ಹಿಡಿದರೆ ಕಾರು ಕೈಬಿಟ್ಟಂತೆಯೇ. ಕೆಳಗೆ ಮಲಗಿ ಬೆಸುಗೆ ಹಾಕಿದರೆ ಕಿಡಿ ಮುಖಕ್ಕೇ ಬೀಳುತ್ತದೆ. ಒಡಲನ್ನೇ ಪಕ್ಕಕ್ಕೆ ಹೊರಳಿಸುವ ಸಾಧನಕ್ಕೆ ರೊಟಿಸರಿ ಎಂದು ಹೆಸರು. ಉಕ್ಕಿನದು ದುಬಾರಿ ಎನಿಸಿದವರು ಮರದಲ್ಲಿ ಮಾಡಿಕೊಳ್ಳುವುದುಂಟು.

ಎಂಜಿನ್, ಆಕ್ಸಲ್, ಪೆಟ್ರೋಲ್ ಟ್ಯಾಂಕ್, ಗಾಜು, ಬಾಗಿಲುಗಳನ್ನು ಮೊದಲು ಕಳಚಬೇಕು. ಬಾಗಿಲಿನ ದ್ವಾರಗಳಿಗೆ ಆಧಾರದ ಪಟ್ಟಿ ಬಿಗಿಯದಿದ್ದರೆ ಒಡಲು ಬಾಗಿ, ಬಾಗಿಲು ಮತ್ತೆ ಕೂಡದು. ಬಂಪರ್ ಕೂರುವ ಜಾಗಗಳಿಗೆ ಅಡ್ಡತೊಲೆ ಬೋಲ್ಟ್ ಮಾಡಿ, ಮುಂದೊಂದು ಹಿಂದೊಂದು ತ್ರಿಕೋನಾಕಾರದ ಕಾಲುಗಳ ನಡುವೆ ಉಕ್ಕಿನ ಕೊಳವೆಯ ಅಚ್ಚಿನ ಮೇಲೆ ತೂಗಿಸಲಾಗುತ್ತದೆ. ರಾಯಚೂರು ಸೀಮೆಯಲ್ಲಿ ಎತ್ತಿನ ಗಾಡಿಗೆ ಬಳಸುತ್ತಿದ್ದ ಜಾಲಿ ಮರ ಚೆನ್ನಾಗಿ ಒಣಗಿದ್ದರೆ ಇದಕ್ಕೂ ಒದಗೀತು. ಮೊಳೆ ಮಾತ್ರ ಸಲ್ಲದು.

ಅಚ್ಚಿನ ಎತ್ತರವೇ ನಿರ್ಣಾಯಕ. ಅದು ಗುರುತ್ವಕೇಂದ್ರದ ಮೂಲಕ ಹಾದರೆ ಒಬ್ಬರೇ ಕೈಯಿಂದ ತಿರುಗಿಸಬಹುದು. ಕೆಳಗಾದರೆ ಒಡಲು ತಾನಾಗಿ ಮಗುಚಿ ಕೆಲಸಗಾರನ ಮೇಲೆ ಎರಗೀತು. ತೊಲೆಯಲ್ಲಿ ಮೇಲೆ ಕೆಳಗೆ ಹಲವು ರಂಧ್ರ ಕೊರೆದು, ಸಮತೋಲ ನೋಡಿಯೇ ಅಚ್ಚು ಕೂರಿಸಬೇಕು. ತಡೆಗೂಟ ಹಾಕದೆ ಯಾರೂ ಅಡಿಗೆ ಹೋಗಕೂಡದು.

ಮರದ ದೊಡ್ಡ ದೌರ್ಬಲ್ಯ ಬೆಂಕಿ. ಬೆಸುಗೆಯ ಕಿಡಿ ಸಂದಿಯಲ್ಲಿ ಹೊಗೆಯಾಡಿ ಗಂಟೆಗಳ ಬಳಿಕ ಹೊತ್ತಿಕೊಂಡೀತು. ಹತ್ತಿರದ ತೊಲೆಗಳಿಗೆ ತಗಡು ಹೊದಿಸಿ, ಕೆಲಸ ಮುಗಿದ ಮೇಲೂ ಬಹಳ ಹೊತ್ತು ಕಾದು ನೋಡುವುದು ಅಗತ್ಯ.