ಕ್ಯಾಬಿನೆಟ್ ಫ್ಯಾನ್
ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಕ್ಕೆ ತಂಪು ಗಾಳಿ ಎಳೆದು ಬಿಸಿ ಗಾಳಿಯನ್ನು ಹೊರದೂಡುವ ಸಾಧನ. ಸಾಮಾನ್ಯವಾಗಿ 12 ವೋಲ್ಟ್‌ನ ಬ್ರಷ್‌ರಹಿತ ಮೋಟಾರು ಇದನ್ನು ತಿರುಗಿಸುತ್ತದೆ. 120 ಮತ್ತು 140 ಮಿ.ಮೀ. ಅಳತೆಗಳು ಹೆಚ್ಚು ಬಳಕೆಯಲ್ಲಿವೆ. ಗಾಳಿಯ ಹರಿವನ್ನು ನಿಮಿಷಕ್ಕೆ ಇಷ್ಟು ಘನ ಅಡಿ ಎಂದೂ ಸದ್ದನ್ನು ಡೆಸಿಬೆಲ್‌ನಲ್ಲೂ ಅಳೆಯುತ್ತಾರೆ. ವೇಗ ಇಮ್ಮಡಿಯಾದರೆ ಹರಿವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಅದೇ ವೇಗದ, ಅದೇ ಬಗೆಯ ಇನ್ನೊಂದು ಫ್ಯಾನ್ ಸೇರಿಸಿದಾಗಿನ ಏರಿಕೆ ಸುಮಾರು 3 ಡೆಸಿಬೆಲ್ ಮಾತ್ರ. ಆದ್ದರಿಂದ ಜೋರಾಗಿ ತಿರುಗುವ ಒಂದು ಫ್ಯಾನಿಗಿಂತ ನಿಧಾನವಾಗಿ ತಿರುಗುವ ಹಲವು ಫ್ಯಾನ್‌ಗಳೇ ಮೇಲು. ತಯಾರಕರು ನಮೂದಿಸುವ ಹರಿವು ಅಡೆತಡೆಯಿಲ್ಲದ ಸ್ಥಿತಿಯದು. ದೂಳಿನ ಜಾಲರಿ ಅಥವಾ ರೇಡಿಯೇಟರ್ ಅಡ್ಡ ಬಂದರೆ ಅದು ಕುಸಿಯುತ್ತದೆ, ಅಲ್ಲಿ ಸ್ಥಿರ ಒತ್ತಡ (ಅಡೆತಡೆಯ ಎದುರು ಗಾಳಿ ತಳ್ಳುವ ಶಕ್ತಿ) ಹೆಚ್ಚಿರುವ ಫ್ಯಾನ್ ಬೇಕು. ನಾಲ್ಕು ಪಿನ್ನಿನ ಫ್ಯಾನ್‌ಗಳ ವೇಗವನ್ನು ಮದರ್‌ಬೋರ್ಡ್ ಉಷ್ಣತೆಗೆ ತಕ್ಕಂತೆ ಏರಿಳಿಸುತ್ತದೆ.